ದಸ್ತಗೀರ್ ಸಾಬರ ಎಣಿಕೆಯಲ್ಲಿ ನನ್ನ ರಾಮ

ಹೋದ ತಿಂಗಳು ಒಂದು ಮಂಗಳವಾರ ನಾನೊಂದು ಪಾಪ ಮಾಡಿದೆ. ಪಾಪವೋ ಪುಣ್ಯವೋ, ನೀವೇ ಹೇಳಿ.

ಮುಂಬಯಿಯ ಪರೇಲ್‌ನ ಒಂದು ಆಸ್ಪತ್ರೆ. ಒಳಗೆ ನನ್ನ ಯಜಮಾನರ ಹಾರ್ಟ್ ಆಪರೇಷನ್. ಹೊರಗೆ ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ವಿಜಯಪುರ ಕಡೆಯ ಟೈಲರ್ ದಸ್ತಗೀರ್ ಸಾಬರು. ಅವರ ಹೆಂಡತಿಯೂ ಒಳಗೇ. ಸಾಬರ ಬೆರಳಲ್ಲಿ ಉಂಗುರದಂಥ ಪುಟ್ಟ ಕೌಂಟರ್. ಒಂದು ಸಲ 'ಯಾ ಸಲಾಮು' ಅನ್ನುವುದು, ಒಂದು ಸಲ ಗುಂಡಿ ಒತ್ತುವುದು.

"ಜಿಕ್ರ್ ರೀ. ಅಲ್ಲಾನ ಹೆಸರು ನೆನೆಯೂದು. ಆಕಿ ಹೊರಗ ಬರೂದ್ರೊಳಗ ಸಾವಿರ ಮುಗಸ್ಬೇಕಂತ ಮಾಡೇನಿ."

ನನಗಿದು ಹೊಸದೇನಲ್ಲ. ದಿನಾ ಮುಲುಂಡ್ ಲೋಕಲ್ ರೈಲಿನಲ್ಲಿ ನಾನು ರಾಮನಾಮ ಎಣಿಸುವುದೂ ಅಂಥದ್ದೇ ಕೌಂಟರ್‌ನಲ್ಲಿ. (ಸೀಟು ಸಿಕ್ಕರೆ ಭಕ್ತಿ ಸ್ವಲ್ಪ ಜಾಸ್ತಿ.) ಅವತ್ತು ಗಡಿಬಿಡಿಯಲ್ಲಿ ಮನೆಯಲ್ಲೇ ಮರೆತು ಬಂದಿದ್ದೆ.

ಯಾವುದೋ ಫಾರ್ಮ್‌ಗೆ ಸಹಿ ಹಾಕಲು ಸಾಬರನ್ನು ಕರೆದರು. "ಅಕ್ಕಾರ, ಇದನ್ನ ಹಿಡ್ಕೋರಿ" ಎಂದು ಕೌಂಟರ್ ನನ್ನ ಕೈಗಿಟ್ಟು ಹೋದರು. ನನ್ನ ಹೆಬ್ಬೆರಳಿನ ಅಭ್ಯಾಸ ನೋಡಿ! ರಾಮ, ಟಿಕ್. ರಾಮ, ಟಿಕ್. ಅವರು ವಾಪಸ್ ಬಂದು ನಿಂತಾಗಲೇ ನನಗೆ ಎಚ್ಚರವಾದದ್ದು. ಕೌಂಟರ್ ಒಂಬೈನೂರ ಚಿಲ್ಲರೆ ತೋರಿಸುತ್ತಿತ್ತು.

ಮುಚ್ಚಿಡಲೇ? ಹೆಂಡತಿಯ ಜೀವಕ್ಕೆಂದು ಹೊತ್ತ ಹರಕೆಯಲ್ಲವೇ ಅದು? ಹೇಳಿಬಿಟ್ಟೆ.

"ಎಷ್ಟ್ ಒತ್ತಿದ್ರಿ?"

"ಗೊತ್ತಿಲ್ಲ. ನೀವು ಎಷ್ಟಕ್ಕೆ ಬಿಟ್ಟಿದ್ರಿ?"

"ನಾನೂ ನೋಡಿಲ್ರಿ."

ಈ ಯಂತ್ರಕ್ಕೆ ಕೂಡುವುದು ಗೊತ್ತು, ಕಳೆಯುವುದು ಗೊತ್ತಿಲ್ಲ. ಸಾಬರು ಬೈಯಲಿಲ್ಲ. ಸೊನ್ನೆ ಮಾಡಿ ಮೊದಲಿನಿಂದ ಶುರು ಮಾಡಿದರು. ನನಗೋ ಸಂಕಟ. (ನನ್ನ ರಾಮನೂ ಅಳಿಸಿಹೋದನಲ್ಲ ಎಂಬ ಬೇಜಾರೂ ಇತ್ತು, ಸುಳ್ಳೇಕೆ ಹೇಳಲಿ?)

ಐವತ್ತೂ ಆಗಿರಲಿಲ್ಲ, ನರ್ಸ್ ಬಂದಳು. "ಚಾಚಾ, ಆಪ್‌ಕೀ ಬೀವಿ ಠೀಕ್ ಹೈ. ಆಧೇ ಘಂಟೇ ಮೇ ಮಿಲ್ ಲೇನಾ."

ಹೆಂಡತಿ ಹುಷಾರಾಗಿದ್ದಾಳೆ, ಅರ್ಧ ಗಂಟೆಯಲ್ಲಿ ನೋಡಬಹುದು ಅಂತ ಕೇಳಿದ್ದೇ ಸಾಬರು ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಕೌಂಟರ್ ನೋಡಿದರು. "ಸಾವಿರ ಆಗೇ ಇಲ್ಲಲ್ರೀ ಅಕ್ಕಾರ. ಈಗೇನ್ ಮಾಡ್ಲಿ?"



ಆಪರೇಷನ್ ಕೋಣೆಯ ಬಾಗಿಲ ಕಡೆ ನೋಡಿ ಅವರೇ, "ನಿಮ್ಮೋರು ಇನ್ನಾ ಒಳಗದಾರಲ್ಲ, ಉಳದದ್ದು ಅವರಿಗೆ. ಹೆಸರೇನ್ರಿ ಅವರ್ದು?" ಎಂದರು.

"ವೆಂಕಟೇಶ್" ಎಂದೆ. ಗುಂಡಿಯ ಟಿಕ್ ಟಿಕ್ ಮತ್ತೆ ಶುರುವಾಯಿತು.

ವೆಂಕಟೇಶ್ ಅವರು ಈಗ ಮನೆಯಲ್ಲಿದ್ದಾರೆ, ಉಪ್ಪಿಲ್ಲದ ಉಪ್ಪಿಟ್ಟಿಗೆ ಗೊಣಗುತ್ತಿದ್ದಾರೆ. ಉಳಿಸಿದ್ದು ರಾಮನೋ, ಸಾಬರ ಜಿಕ್ರೋ, ಡಾಕ್ಟರೋ? ತಲೆ ಕೆಟ್ಟುಹೋಗಿದೆ. ಅದು ಹಾಗಿರಲಿ ಬಿಡಿ. ಆ ಕೌಂಟರ್ ಮೇಲೆ ನಾನು ಒತ್ತಿದ ಅಷ್ಟೂ ರಾಮ ನನ್ನ ಗಂಡನಿಗೇ.

ಸಾಬರ ಹೆಂಡತಿಯ ಹೆಸರೇನು ಅಂತ ನಾನು ಕೇಳಿದೆನಾ?