ಬೆಡ್‌ಶೀಟಿನ ಆಚೆ ತುದಿ

ಆಸ್ಪತ್ರೆಯ ಬೆಡ್‌ಶೀಟನ್ನು ಒಬ್ಬರೇ ಮಡಿಸಲು ಆಗುವುದಿಲ್ಲ. ಎರಡು ತುದಿಯಲ್ಲಿ ಇಬ್ಬರು ನಿಂತು ಜಗ್ಗಬೇಕು, ಎದುರುಬದುರಾಗಿ ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಮಡಿಸುವ ಹೆಂಗಸರೆಲ್ಲ ಜೋಡಿ ಜೋಡಿ. ಮೈಕು ಮಾತ್ರ ಒಂಟಿ. ಅವಳ ಜೋಡಿ ಎಂದರೆ ಗೋಡೆಯಲ್ಲಿದ್ದ ಒಂದು ಮೊಳೆ. ಶೀಟಿನ ಒಂದು ತುದಿಯನ್ನು ಅದಕ್ಕೆ ಸಿಕ್ಕಿಸಿ ಇನ್ನೊಂದನ್ನು ತಾನು ಜಗ್ಗುತ್ತಿದ್ದಳು.

ಮೈಕು ಎಂಬುದು ಅಡ್ಡಹೆಸರು. ಮೆಷಿನ್‌ಗಳ ಗುಡುಗಿನ ನಡುವೆಯೂ ಅವಳ ಮಾತು ಹೊರಗಿನ ಗೇಟಿನ ತನಕ ಕೇಳಿಸುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳನ್ನು ಈ ಕೆಲಸಕ್ಕೆ ಸೇರಿಸಿದ್ದು ಅತ್ತೆಯೇ. ಮಡಿಸುವ ಮೇಜಿನ ಮೇಲ್ವಿಚಾರಣೆ ಅತ್ತೆಯದು. ಗಂಡ ಲಿಫ್ಟ್ ರಿಪೇರಿಯವನು. ಮನೆಯಲ್ಲಿ ಶೀಟು ಮಡಿಸುವಾಗ ಆಚೆ ತುದಿ ಹಿಡಿದು ನಡೆದು ಬಂದು, ಕೊನೆಗೆ ಇಬ್ಬರ ತಲೆಯ ಮೇಲೂ ಅದನ್ನೇ ಹೊದಿಸಿ ಮಡಿಕೆ ಕೆಡಿಸುವುದು ಅವನ ಅಭ್ಯಾಸ.

ಅವನಿಗೆ ಎಚ್‌ಐವಿ ಇದೆ ಎಂದು ಗೊತ್ತಾದದ್ದು ತೀರಾ ತಡವಾಗಿ. ನ್ಯುಮೋನಿಯಾ ಎಂದು ಅಡ್ಮಿಟ್ ಆದವನು ಮನೆಗೆ ಮರಳಲಿಲ್ಲ. ಎಲ್ಲಿಂದ ಅಂಟಿಸಿಕೊಂಡ ಎಂದು ಕೇಳುವ ಚಪಲದವರಿಗೆ ಇಲ್ಲಿ ಉತ್ತರವಿಲ್ಲ. ಹೃದಯ ಕೈಕೊಟ್ಟವರನ್ನು ಹಾಗೆ ಕೇಳುತ್ತೀರಾ?

ಅಂದಿನಿಂದ ಅವಳ ಶೀಟಿನ ತುದಿ ಹಿಡಿಯಲು ಯಾರೂ ಬರಲಿಲ್ಲ. ಇಡೀ ಆಸ್ಪತ್ರೆಯ ರಕ್ತ, ಕೀವು, ವಾಂತಿಯನ್ನು ದಿನಾ ಎತ್ತಿ ಮೆಷಿನ್ನಿಗೆ ತುಂಬುವ ಜನ, ಕುದಿನೀರಲ್ಲಿ ಬೆಂದು ಬಂದ ಬಟ್ಟೆಗೆ ಹೆದರಿದರು. ಯಾಕೆ? ಆಚೆ ತುದಿಯಲ್ಲಿ ಮೈಕು ನಿಂತಿದ್ದಾಳೆ! ‘ಮುಟ್ಟಿದರೆ ಬರುವುದಿಲ್ಲ’ ಎಂಬ ಪೋಸ್ಟರ್ ಅದೇ ಗೋಡೆಯಲ್ಲಿತ್ತು, ಮೊಳೆಯ ಪಕ್ಕದಲ್ಲೇ.

ಆಮೇಲೆ ಅವಳ ರಿಪೋರ್ಟ್ ಬಂತು. ಸೋಂಕಿಲ್ಲ. ಮತ್ತೆ ನೋಡಿದರು, ಮತ್ತೆ ಇಲ್ಲ. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತಲ್ಲವೇ? ಮನುಷ್ಯರ ನಾಲಿಗೆ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆಯೇ ಬಾಯಿ ತೆರೆದಳು.

“ಜೊತೇಲಿ ಬಾಳಿದ್ರೆ ಬರದೆ ಇರುತ್ತಾ? ನನ್ನ ಮಗನ್ನ ಹತ್ತಿರಾನೇ ಸೇರಿಸ್ತಿರಲಿಲ್ಲ ಇವಳು. ಅದಕ್ಕೇ ಅವನು ಹೊರಗೆ ಹೋಗಿ ಹಾಳಾದ.”

ರೋಗವಿದ್ದರೆ ಮುಟ್ಟಬಾರದವಳು, ಇಲ್ಲದಿದ್ದರೆ ಗಂಡನನ್ನು ದೂರವಿಟ್ಟು ಕೊಂದವಳು. ಯಾವ ಬಾಗಿಲಿಂದ ಹೊರಬಂದರೂ ಬೆನ್ನಿಗೆ ಕಲ್ಲು ಖಚಿತ. ಎಲ್ಲರಿಗೂ ಮುಖಕ್ಕೆ ಹೊಡೆದಂತೆ ಉತ್ತರಿಸುವ ಮೈಕು ಈ ಒಂದು ಮಾತಿಗೆ ಮೂಕಿಯಾದಳು. ಮಲಗುವ ಕೋಣೆಗೆ ಸಾಕ್ಷಿ ಎಲ್ಲಿಂದ ತರುವುದು? ಮನೆಗೆ ಹೋದರೆ ಮತ್ತೆ ಅದೇ ಅತ್ತೆ, ಎರಡು ಕೋಣೆ, ಒಂದು ಒಲೆ.

ಹೀಗಿರುವಾಗ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಒಂದು ಸಂಶೋಧನೆ ಶುರುವಾಯಿತು. ಸೋಂಕಿತ ಸಂಗಾತಿಯ ಜೊತೆ ಬಾಳಿಯೂ ಸೋಂಕು ತಗುಲದವರ ರಕ್ತ ಅವರಿಗೆ ಬೇಕಿತ್ತು. ಮೈಕು ಕೊಟ್ಟಳು, ಮರೆತಳು. ಒಂದು ದಿನ ಅಲ್ಲಿಂದ ಫೋನ್ ಬಂತು.

“ನಿಮ್ಮ ರಕ್ತದಲ್ಲಿ ಒಂದು ವಿಶೇಷ ಕಂಡಿದೆ. ಗಾಬರಿ ಬೇಡ, ಒಳ್ಳೆ ಸುದ್ದೀನೇ. ಬಂದು ಕೇಳಿಸ್ಕೊಳ್ತೀರಾ?”

“ಅತ್ತೇನೂ ಕರ್ಕೊಂಡು ಬರ್ಲಾ?”

“ಅದು ನಿಮ್ಮಿಷ್ಟ ಅಮ್ಮ.”

ಮೈಕು ಫೋನ್ ಇಟ್ಟಳು. “ಅತ್ತೆ, ಏಳಿ!”

“ನಾನ್ಯಾಕೆ?”

“ನಿಮ್ಮ ಮಗನ ವಿಷಯ ಇದೆ, ಏಳಿ ಅಂದ್ರೆ!”

ಲಿಫ್ಟಿಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಅತ್ತೆಯ ಮಣಿಕಟ್ಟು ಹಿಡಿದು ಮೆಟ್ಟಿಲು ಹತ್ತಿಸಿದಳು. ಕನ್ನಡಕದ ಎಳೆಯ ಡಾಕ್ಟರ್ ಇಬ್ಬರಿಗೂ ಕುರ್ಚಿ ಎಳೆದು ಕೊಟ್ಟಳು.

“ನಮ್ಮ ಜೀವಕೋಶಗಳಲ್ಲಿ ಹುಟ್ಟುತ್ತಲೇ ಕಾವಲುಗಾರರು ಇರ್ತಾರೆ. ಯಾರೂ ಕಲಿಸಬೇಕಾಗಿಲ್ಲ. ವೈರಸ್ಸಿನ ಗುರುತು ಹಿಡಿದು ಕೂಗಿ ಎಲ್ಲರನ್ನೂ ಎಬ್ಬಿಸ್ತಾರೆ. ಆ ಕಾವಲುಗಾರ ಹೇಗಿರಬೇಕು ಅನ್ನೋದು ಜೀನ್‌ನಲ್ಲಿ ಬರೆದಿರುತ್ತೆ. ಅಲ್ಲಿ ಒಂದಕ್ಷರ ಬದಲಾದ್ರೂ ಕಾವಲಿನ ರೀತಿ ಬದಲಾಗಬಹುದು. ಕೆಲವರದ್ದು ಜೋರಾಗಿ ಕೂಗುತ್ತೆ, ಕೆಲವರದ್ದು ಮೆಲ್ಲಗೆ.”

“ಜೋರಾಗಿ ಕೂಗಿದ್ರೇ ಒಳ್ಳೇದಲ್ವಾ?” ಅತ್ತೆ ಕೇಳಿದಳು.

“ಎಷ್ಟೋ ರೋಗಗಳಿಗೆ ಹೌದು. ಆದ್ರೆ ಈ ವೈರಸ್ ಕಿಲಾಡಿ. ಕೂಗು ಕೇಳಿ ಓಡಿಬರೋ ಸೈನಿಕ ಕಣಗಳ ಒಳಗೇ ಮನೆ ಮಾಡುತ್ತೆ. ಗದ್ದಲ ಹೆಚ್ಚಾದ್ರೆ ಕೆಲವು ಸಲ ಅದಕ್ಕೇ ಲಾಭ. ನಿಮ್ಮ ಸೊಸೆಯ ಕಾವಲುಗಾರ ಸ್ವಲ್ಪ ಮೌನಿ ಇರಬಹುದು ಅಂತ ನಮ್ಮ ಊಹೆ.”

“ಇವಳದ್ದಾ? ಮೌನಾನಾ?” ಅತ್ತೆಯ ಕಣ್ಣು ಅಗಲವಾಯಿತು. “ರಕ್ತ ಅದಲುಬದಲಾಗಿಲ್ಲ ತಾನೆ?”

ಡಾಕ್ಟರ್ ಬಿದ್ದು ಬಿದ್ದು ನಕ್ಕಳು. ಆಮೇಲೆ ಬೆರಳೆತ್ತಿ ಎಚ್ಚರಿಸಿದಳು. “ಇದು ಕವಚ ಅಲ್ಲ. ಇದೇ ಅಕ್ಷರ ಇದ್ದೂ ಸೋಂಕು ಬಂದವರಿದ್ದಾರೆ. ಬೇರೆ ಕಾರಣ ಇರುತ್ತೆ, ಅದೃಷ್ಟಾನೂ ಇರುತ್ತೆ. ನಾವಿನ್ನೂ ಹುಡುಕ್ತಾ ಇದ್ದೀವಿ.”

“ಅದಿರ್ಲಿ ಡಾಕ್ಟರಮ್ಮ.” ಮೈಕಿನ ದನಿ ಅಂದು ಮೊದಲ ಬಾರಿಗೆ ಸಣ್ಣದಾಗಿತ್ತು. “ಒಂದೇ ಪ್ರಶ್ನೆ. ಹೆಂಡತಿಯಾದವಳು ಹೆಂಡತಿ ಹಾಗೇ ಬಾಳಿದ್ರೆ, ರೋಗ ಬಂದೇ ಬರ್ಬೇಕಾ?”

“ಇಲ್ಲಮ್ಮ. ವರ್ಷಗಟ್ಟಲೆ ಒಟ್ಟಿಗೆ ಬಾಳಿಯೂ ಬರದವರು ಎಷ್ಟೋ ಜನ. ನಾವು ಹುಡುಕಿ ಹುಡುಕಿ ಸೇರಿಸಿರೋದೇ ಅಂಥವರನ್ನ.”

ಮೈಕು ಕುರ್ಚಿಯಿಂದ ಜಿಗಿದೆದ್ದಳು. “ಕೇಳಿಸ್ತಾ ಅತ್ತೆ? ಕೇಳಿಸ್ತಾ?” ಕಿಟಕಿಯ ಗಾಜು ಗಡಗಡಿಸಿತು.

ಇಳಿಯುವಾಗ ಅತ್ತೆ ಮೆಟ್ಟಿಲ ತಿರುವಿನಲ್ಲಿ ನಿಂತುಬಿಟ್ಟಳು. “ಶೀಟು ಮಡಿಸ್ತಾ ಇಬ್ಬರೂ ಅದರೊಳಗೆ ನಗ್ತಿದ್ರಿ. ಗೋಡೆ ಆಚೆ ನನಗೆ ಕೇಳಿಸ್ತಿತ್ತು. ಗೊತ್ತಿತ್ತು ಕಣೇ. ಆದ್ರೆ ಅವನು ಹೋಗೋಕೆ ಯಾರಾದ್ರೂ ಕಾರಣ ಅಂತ ಇರ್ಬೇಕಲ್ಲ ನನಗೆ.”

ಮೈಕು ಅವಳನ್ನು ಅಲ್ಲೇ ಬಿಟ್ಟು ಮುಂದೆ ನಡೆದಳು.

ಸುದ್ದಿಯನ್ನು ಲಾಂಡ್ರಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ. ಬಾಗಿಲಲ್ಲಿ ನಿಂತು ಮೈಕೇ ಕೂಗಿ ಹೇಳಿದಳು. ಆಗ ನೋಡಬೇಕಿತ್ತು! ಮೊಳೆಯ ಕಡೆಗೆ ಹೆಂಗಸರು ನುಗ್ಗಿದರು.

“ಮೈಕಕ್ಕಾ, ಇವತ್ತು ತುದಿ ನಾನು ಹಿಡೀತೀನಿ!”

“ಸರಿಯೇ ಆಚೆ, ನಾನು ಮೊದಲು! ಅಕ್ಕನ ಕೈ ತಾಗಿದ್ರೆ ನಮಗೂ ಆ ಕಾವಲು ಬರುತ್ತೆ.”

ನಿನ್ನೆ ಅವಳನ್ನು ಮುಟ್ಟಿದರೆ ರೋಗ, ಇವತ್ತು ಮುಟ್ಟಿದರೆ ಔಷಧ. ಬುದ್ಧಿಗೆ ಎರಡು ದಿನವೂ ರಜೆ!

“ಥೂ! ನಾನೇನು ಲಸಿಕೆ ಸೂಜಿನಾ?” ಮೈಕು ಗುಡುಗಿದಳು. “ಅದು ಹುಟ್ತಾ ಬಂದಿದ್ದು, ಕೈ ತಾಗಿ ಬರಲ್ಲ. ರೋಗಾನೂ ಹಾಗೆ ಬರ್ತಿರಲಿಲ್ಲ, ಗೊತ್ತಾಯ್ತಾ? ಹೋಗಿ, ನನಗೆ ನನ್ನ ಮೊಳೇನೇ ಸಾಕು.”

ಶೀಟಿನ ತುದಿಯನ್ನು ಮೊಳೆಗೆ ಸಿಕ್ಕಿಸಿ ಬೆನ್ನು ತಿರುಗಿಸಿದಳು. ಅತ್ತೆ ಮೇಜು ಬಿಟ್ಟು ಬಂದಳು. ಎಲ್ಲರಿಗೂ ಕಾಣುವ ಹಾಗೆ ಆ ತುದಿಯನ್ನು ಮೊಳೆಯಿಂದ ಬಿಡಿಸಿ ತಾನು ಹಿಡಿದಳು.

“ಇವಳ ಬಗ್ಗೆ ನಾನು ಹೇಳಿದ್ದು ಸುಳ್ಳು. ನಿಮ್ಮೆಲ್ಲರ ಎದುರಿಗೇ ಹೇಳಿದ್ದೆ, ಈಗ ನಿಮ್ಮೆಲ್ಲರ ಎದುರಿಗೇ ವಾಪಸ್ ತಗೊಳ್ತೀನಿ.”

ಮೈಕು ತನ್ನ ತುದಿ ಎತ್ತಿ, ರೂಢಿಯಂತೆ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದಳು. ಅತ್ತೆ ಮುಗ್ಗರಿಸಿ ಬೀಳುವುದರಲ್ಲಿದ್ದಳು.

“ಅಯ್ಯಯ್ಯೋ, ಮೆಲ್ಲಗೆ ಎಳಿಯೇ ತಾಯಿ! ನಾನೇನು ಮೊಳೆನಾ?”

ಮೈಕಿಗೆ ನಗು ತಡೆಯಲಾಗಲಿಲ್ಲ. ಆ ನಗು ಗೇಟಿನ ತನಕ ಹೋಯಿತು. ನಗುತ್ತಲೇ ಅವಳು ಒಂದು ಹೆಜ್ಜೆ ಮುಂದೆ ಬಂದಳು. ಮೊಳೆ ಯಾವತ್ತೂ ಎದುರಿಗೆ ನಡೆದು ಬಂದದ್ದಿಲ್ಲ. ಅತ್ತೆ ಬಂದಳು.