‘ಆದ್ರ’ ಅಂದ ಮೇಲಿನ ಮಾತು

೧೯೮೯ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮೂರು ವರ್ಷದ ಹಿಂದೆ, ವಿಜ್ಞಾನ ಓದಿದ ಒಬ್ಬ ಹೆಣ್ಣುಮಗಳ ಮಾತನ್ನು ಅರ್ಧಕ್ಕೆ ಕತ್ತರಿಸಿ ಹಾಕಿಸಿದವನೂ ನಾನೇ. ಆ ಅರ್ಧ ಮಾತನ್ನು ನಂಬಿ ಕೆಟ್ಟವಳು ನನ್ನ ಒಡಹುಟ್ಟಿದ ಅಕ್ಕ. ಬೈಸಿಕೊಂಡವರು ಆ ಮೇಡಂ. ನಾನು ಬಾಯಿ ಬಿಡಲಿಲ್ಲ.

ಮುಧೋಳದ ಹತ್ತಿರ ನಮ್ಮದೊಂದು ಬೆಲ್ಲದ ಗಾಣ. ಕಬ್ಬು ತುಂಬಿದ ಟ್ರ್ಯಾಕ್ಟರುಗಳೆಲ್ಲ ನಮ್ಮ ಮುಂದೆಯೇ ಹಾದು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೋಗುವಾಗಲೂ ಅಪ್ಪನ ಕಾಲದ ಎರಡು ಕೊಪ್ಪರಿಗೆಗಳನ್ನು ಆರಗೊಡದೆ ನಡೆಸಿಕೊಂಡು ಬಂದವನು ನಾನು. ಬೆಲ್ಲ ಹಳದಿಯಾಗಿ ಕಾಣಲೆಂದು ಸುತ್ತಲಿನವರು ಬಿಳಿ ಪುಡಿ ಹಾಕಿದರೂ ನಾನು ಹಾಕಲಿಲ್ಲ. ನನ್ನ ಬೆಲ್ಲ ಕಪ್ಪು. ಪೇಟೆಯಲ್ಲಿ ಅದನ್ನು ಮೂಸಿ ನೋಡುವವರಿರಲಿಲ್ಲ. ಆ ಹೊಟ್ಟೆಯುರಿ ನನಗಿತ್ತು — ಮೈಮುರಿದು ದುಡಿದೂ ಯಾರ ಬಾಯಲ್ಲೂ ನನ್ನ ಹೆಸರಿಲ್ಲವಲ್ಲ ಎಂಬುದು.

ಆಗ ಬಂದವನು ಬನಹಟ್ಟಿಯ ಮಹಾಂತೇಶ. ಸೀರೆ ಅಂಗಡಿಗಳ ವಿಡಿಯೊ ಮಾಡಿ ಫೋನಿನಲ್ಲಿ ಹರಿಬಿಡುವುದು ಅವನ ಕಸುಬು. ಜೊತೆಗೆ ಆಹಾರದ ವಿಷಯ ಓದಿದ ಒಬ್ಬ ಮೇಡಂ ಅವರನ್ನು ಕರೆತಂದಿದ್ದ. ಅವರು ಕೊಪ್ಪರಿಗೆಯ ಬಳಿ ನಿಂತು, ಕಣ್ಣಿಗೆ ಹೊಗೆ ಬಡಿದರೂ ಸರಿಯದೆ, ನಿಧಾನವಾಗಿ ಹೇಳಿದರು: “ಬಿಳಿ ಪುಡಿ ಹಾಕಿದ್ದಕ್ಕಿಂತ ಈ ಬೆಲ್ಲ ಛಲೋ ರೀ. ಆದ್ರ ಸಕ್ಕರಿ ಕಾಯಿಲೆ ಇದ್ದವರಿಗೆ ಕಪ್ಪಿರಲಿ, ಹಳದಿ ಇರಲಿ, ಬೆಲ್ಲ ಬೆಲ್ಲನ. ಔಷಧ ಅಂತ ಇದನ್ನ ತಿಂದು ಗುಳಿಗಿ ಬಿಟ್ಟರ ಕೈಕಾಲಿಗೆ ಬರತದ.”

ಅವರು ಹೋದ ಮೇಲೆ ಮಹಾಂತೇಶ ಫೋನನ್ನು ನನ್ನ ಮುಂದೆ ಹಿಡಿದ. “ಕಾಕಾ, ಈ ‘ಆದ್ರ’ ಅಂದಿದ್ದರ ಮುಂದಿಂದು ತಗೀಲೇನ್ರಿ? ಪ್ರವಚನ ಕೇಳಾಕ ಯಾರೂ ಕುಂದ್ರಂಗಿಲ್ಲ.”

ನಾನು ಅದರಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದೆ. ಮುಖದ ಕೆಳಗೆ ಅವನು ಬರೆದಿದ್ದ — ‘ಬೆಲ್ಲದ ವಿಜ್ಞಾನಿ’. ಶಾಲೆ ಬಿಟ್ಟವನೆಂದು ಕಂಡಕಂಡವರ ಬಾಯಲ್ಲಿ ಅನ್ನಿಸಿಕೊಂಡ ನನಗೆ, ಆ ಎರಡು ಶಬ್ದ —

“ತಗಿ” ಅಂದೆ.

ದುಡ್ಡಿನ ಆಸೆಗೆ ಅಂದಿದ್ದೆನಾದರೆ ಇವತ್ತು ಸ್ವಲ್ಪ ಹಗುರವಾಗುತ್ತಿತ್ತೇನೋ. ಹೆಸರಿನ ಆಸೆಗೆ ಅಂದೆ.

ವಿಡಿಯೊ ಬಂತು. ‘ಸಕ್ಕರೆ ಕಾಯಿಲೆಗೆ ಕಪ್ಪು ಬೆಲ್ಲ — ಓದಿದವರೇ ಒಪ್ಪಿದ ಸತ್ಯ!’ ಮೇಡಂ “ಛಲೋ ರೀ” ಅನ್ನುವಲ್ಲಿಗೆ ಡೋಲು ಬಾರಿಸಿ ಮುಗಿಸಿದ್ದ. ಬೀಳಗಿ, ಜಮಖಂಡಿ, ಲೋಕಾಪುರದಿಂದೆಲ್ಲ ಜನ ಗಾಣ ಹುಡುಕಿಕೊಂಡು ಬಂದರು.

ಹಾಗೇ ಒಂದು ದಿನ ಸಾವಳಗಿಯಿಂದ ನನ್ನ ಅಕ್ಕ ಗೌರವ್ವ ಬಂದಳು. ಗಾಣಕ್ಕೆ ಬಂದವರನ್ನು ಬಿಸಿ ಬೆಲ್ಲ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಅವಳೊಬ್ಬಳಿಗೆ ನಾನೇ ಕೊಡುತ್ತಿರಲಿಲ್ಲ. ಆ ದಿನ ಗಿರಾಕಿಗಳ ನಡುವೆ ನಿಂತು ಕೈಯೊಡ್ಡಿದಳು.

“ಏನೋ ವಿಜ್ಞಾನಿ, ಊರಿಗೆಲ್ಲಾ ಹಂಚತಿ, ಅಕ್ಕಗ ಕೊಡಾಕ ಕೈ ಬರವಲ್ದೇನು? ವಿಡಿಯೊದಾಗ ಆ ಕಲಿತ ಮೇಡಂ ಹೇಳ್ಯಾರಂತಲ್ಲೋ. ತಿನ್ನಲೇನು?”

ನಿಂತವರೆಲ್ಲ ನಕ್ಕರು. ನಕ್ಕು, ನನ್ನ ಬಾಯಿ ನೋಡತೊಡಗಿದರು. ಬೇಡ ಅಂದರೆ — ಬೇಡ ಯಾಕೆ ಎಂದು ಅಷ್ಟು ಜನರಿಗೂ ಹೇಳಬೇಕಿತ್ತು. ಕಬ್ಬಿನ ತುಂಡಿಗೆ ಬಿಸಿ ಬೆಲ್ಲ ಸುತ್ತಿ ಅವಳ ಕೈಗಿಟ್ಟೆ. “ತಿನ್ನಕ್ಕ” ಅಂದೆ. ಎಷ್ಟೋ ವರ್ಷದ ಆಸೆ. ಕಣ್ಣು ಮುಚ್ಚಿಕೊಂಡು ತಿಂದಳು. ಆಮೇಲೆ ಸಾವಳಗಿಯ ಬಸ್ಸಿಗೆ ಬೆಲ್ಲದ ಪೆಂಟೆ ಹಾಕಿ ಕಳಿಸುತ್ತಿದ್ದವನೂ ನಾನೇ.

ಗುಳಿಗೆ ಬಿಟ್ಟದ್ದನ್ನು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ — ಕೇಳಿದರೆ ಹೇಳಿಬಿಡುತ್ತಾಳೆಂಬ ಅಂಜಿಕೆ. ಹೊಲದಲ್ಲಿ ಕಬ್ಬಿನ ಕೂಳೆ ಚುಚ್ಚಿ ಪಾದಕ್ಕೆ ಆದ ಗಾಯ ಮಾಯಲೇ ಇಲ್ಲ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಆಸ್ಪತ್ರೆಯಲ್ಲಿ ಬಂಧುಗಳೆಲ್ಲ ಸೇರಿ ಆ ಮೇಡಂಗೆ ಹಿಡಿಶಾಪ ಹಾಕಿದರು. ಅಕ್ಕನೂ ಅಂದಳು: “ಸಾಲಿ ಕಲಿತಾಕಿ ಹಿಂಗ ಸುಳ್ಳ ಹೇಳಬಾರದಿತ್ತ ನೋಡು.” ಆಮೇಲೆ ನನ್ನ ಮುಖ ನೋಡಿ, ನನ್ನನ್ನೇ ಸಮಾಧಾನ ಮಾಡಿದಳು. “ನಿಂದೇನ ತಪ್ಪೈತಿ ಬಿಡೋ ತಮ್ಮಾ. ನೀಯೇನ ಕಲಿತಾಂವೇನು?”

ಬೇರೆ ಯಾರೇ ಆ ಮಾತು ಅಂದಿದ್ದರೂ ಜಗಳಕ್ಕೆ ನಿಲ್ಲುತ್ತಿದ್ದೆ. ಆ ದಿನ ಮಾತ್ರ ಅದರ ಹಿಂದೆ ಅಡಗಿ ಕೂತೆ. ಹೌದೆಂಬಂತೆ ತಲೆ ಕೂಡ ಆಡಿಸಿದೆ.

ಆ ವಿಡಿಯೊ ತೆಗೆದುಹಾಕೆಂದು ಮಹಾಂತೇಶನಿಗೆ ಹೇಳಿದೆ. “ನಾ ತಗದೇನ್ರಿ ಕಾಕಾ. ಆದ್ರ ಮಂದಿ ಎತ್ತಿ ಎತ್ತಿ ಹಂಚ್ಯಾರಲ್ಲ, ಅದನ್ನ ಎಲ್ಲಿಂದ ತಗೀಲಿ?” ಅಂದ. ಕಳೆದ ವಾರ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ತಮ್ಮ ತಾಯಿಗೆ ಅದನ್ನೇ ತೋರಿಸುತ್ತಿದ್ದರು. ನಾನು ಮುಖ ತಿರುವಿಕೊಂಡು ಬಸ್ಸು ಹತ್ತಿದೆ. ಹತ್ತಿ ಕೂತ ಮೇಲೆ ನನಗೇ ಹೇಸಿಗೆಯಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೇಡಂ, ನೀವು ಇದನ್ನು ಓದಿದರೆ — ನೀವು ಖರೇ ಹೇಳಿದ್ದಿರಿ, ಪೂರ್ತಿ ಹೇಳಿದ್ದಿರಿ. ಕತ್ತರಿಸುವ ಮೊದಲು ಮಹಾಂತೇಶ ನನಗೆ ಕಳಿಸಿದ್ದ ಆ ಪೂರ್ತಿ ಮಾತು ನನ್ನ ಫೋನಿನಲ್ಲಿ ಹಾಗೇ ಇದೆ. ನಾಳೆ ಸಾವಳಗಿಗೆ ಹೋಗಿ, ಬಂಧುಗಳನ್ನೆಲ್ಲ ಕೂಡಿಸಿ, ಅದನ್ನು ಅಕ್ಕನಿಗೆ ಕೇಳಿಸುತ್ತೇನೆ. ಕೇಳಿದ ಮೇಲೆ ಅವಳು ನನ್ನನ್ನು ತಮ್ಮ ಅನ್ನುತ್ತಾಳೋ ಇಲ್ಲವೋ —

ಇವತ್ತಿಗೆ ನನ್ನಲ್ಲಿರುವುದು: ಗಾಣ ಒಂದು. ಕೊಪ್ಪರಿಗೆ ಎರಡು. ಫೋನು ಒಂದು. ಅಕ್ಕ ಒಬ್ಬಳು. ಅವಳಿಗೆ ಕಾಲು ಒಂದು.