ಆ ಫರಸಿಯ ಕೆಳಗೆ ಯಾರೂ ಇಲ್ಲ

ನಿನ್ನ ಅಪ್ಪನನ್ನು ನಾವು ಮಣ್ಣು ಮಾಡಿಲ್ಲ, ಶಿವಶರಣ. ಶಹಾಬಾದಿನ ಹಳೇ ಖಣಿಯ ಅಂಚಿನಲ್ಲಿ ನೀನು ಹೂವೇರಿಸಿ ಹಣೆ ಹಚ್ಚಿದೆಯಲ್ಲ, ಆ ಫರಸಿ ಹಾಸುಗಲ್ಲಿನ ಕೆಳಗೆ ಅವನಿಲ್ಲ. ಅಲ್ಲಿ ಯಾವತ್ತೂ ಯಾರೂ ಇರಲಿಲ್ಲ. ಆ ನಾಲ್ಕು ಕಲ್ಲು ಹಾಸಿದವನು ನಾನು — ನಿನ್ನ ಅವ್ವನಿಗೆ ತೋರಿಸಲು ಒಂದು ಜಾಗ ಬೇಕಿತ್ತು, ಅದಕ್ಕೆ.

ಇದನ್ನು ಎದುರಿಗೆ ನಿಂತು ಹೇಳಬೇಕೆಂದು ಹೋದ ತಿಂಗಳು ಹೊರಟಿದ್ದೆ. ಮಳಖೇಡದಲ್ಲಿ ರೈಲು ಇಳಿದೆ. ಸ್ಟೇಶನ್ ಕಟ್ಟೆಯ ಮೇಲೆ ಕುಳಿತೆ. ನಿಮ್ಮ ಊರಿನ ದಾರಿ ಕಣ್ಣೆದುರಿಗೇ ಇತ್ತು. ಮುಂದಿನ ಗಾಡಿಗೆ ಹಿಂದಿರುಗಿ ಬಂದೆ. ಈ ವಯಸ್ಸಿನಲ್ಲಿಯೂ ಇಷ್ಟೊಂದು ಪುಕ್ಕಲುತನ — ಇರಲಿ, ಮಠದಲ್ಲಿ ಕಲಿತ ನಾಲ್ಕು ಅಕ್ಷರ ಇನ್ನೂ ಮರೆತಿಲ್ಲ. ಬರೆಯುತ್ತೇನೆ.

ನಿನ್ನ ಅಪ್ಪ ಸಿದ್ರಾಮ ಮತ್ತು ನಾನು ಖಣಿಯಲ್ಲಿ ಜೋಡಿ. ಅವನು ಚಾಣ ಹಿಡಿಯುತ್ತಿದ್ದ, ನಾನು ಸುತ್ತಿಗೆ ಹೊಡೆಯುತ್ತಿದ್ದೆ. "ಏ ಮಲ್ಕಪ್ಪ, ಕಲ್ಲು ಒಡ್ಯಾಕತ್ತೀಯೋ, ರೊಟ್ಟಿ ಬಡ್ಯಾಕತ್ತೀಯೋ?" ಎಂದು ದಿನಕ್ಕೆ ಹತ್ತು ಸಲ ಚೇಷ್ಟೆ ಮಾಡುವನು. ನನಗೆ ಸಿಟ್ಟು ಬಂದು ಇನ್ನೂ ಜೋರಾಗಿ ಹೊಡೆಯುತ್ತಿದ್ದೆ. ಆರು ವರ್ಷದಲ್ಲಿ ಅವನ ಬೆರಳಿಗೆ ಒಂದೇಟೂ ಬೀಳಲಿಲ್ಲ. ಅಷ್ಟು ನಂಬಿ ಕೈ ಒಡ್ಡಿದವನು.

ಆ ವರ್ಷ ಮಳೆ ಜಾಸ್ತಿ. ಖಣಿಯ ಮೇಲಿನ ಎರೆಮಣ್ಣಿನ ದಿಬ್ಬ ನೀರು ಕುಡಿದು ಸಡಿಲಾಗಿತ್ತು. ಬೆಳಿಗ್ಗೆ ಅವನು ಮೊದಲು ಕೆಳಗಿಳಿದ. ನಾನು ಮೇಲೆ ನಿಂತು ರುಮಾಲು ಸುತ್ತಿಕೊಳ್ಳುತ್ತಿದ್ದೆ — ಇನ್ನೊಂದು ಸುತ್ತು ಬಾಕಿ ಇತ್ತು. ದಿಬ್ಬ ಜಾರಿತು. ಮಣ್ಣು, ಮಣ್ಣಿನ ಹಿಂದೆ ಕಲ್ಲು, ಕಲ್ಲಿನ ಸಂದಿಯಿಂದ ಸೆಲೆಯ ನೀರು. ಎರಡು ದಿನ ಅಗೆದೆವು. ಅಗೆದಷ್ಟೂ ನೀರು ಏರುತ್ತಿತ್ತು, ಉಳಿದ ದಿಬ್ಬವೂ ಬಿರುಕು ಬಿಟ್ಟಿತ್ತು. ಮೂರನೆಯ ದಿನ ಖಣಿಯ ಗುತ್ತೇದಾರ ಬಂದು, "ಇನ್ನ ಯಾರ್ ಇಳೀತೀರಿ?" ಎಂದು ಕೇಳಿದ. ಎಲ್ಲರೂ ನನ್ನನ್ನು ನೋಡಿದರು. ಅವನ ಜೋಡಿಯಲ್ಲವೇ ನಾನು. ನಾನು ನೆಲ ನೋಡಿದೆ.

ಅದು ಹೆದರಿಕೆ. ಹೆದರಿಕೆಯನ್ನಾದರೂ ಒಬ್ಬ ಮನುಷ್ಯ ಕ್ಷಮಿಸಿಯಾನು. ಆಮೇಲೆ ಮಾಡಿದ್ದು ಹೆದರಿಕೆಯಲ್ಲ.

ಹೆಣ ಒಳಗಿದೆ ಎಂದು ಗೊತ್ತಾದರೆ ನೀರು ಬತ್ತಿಸಬೇಕು, ಅಗೆಯಬೇಕು, ಪೊಲೀಸ್ ಅಮೀನ ಸಾಹೇಬರು ಬರುತ್ತಾರೆ, ಕೆಲಸ ನಿಲ್ಲುತ್ತದೆ. ಅದಕ್ಕೇ ಗುತ್ತೇದಾರ ನಿಮ್ಮ ಮನೆಗೆ ಬೇರೆ ಸುದ್ದಿ ಕಳಿಸಿದ — ಕಲ್ಲು ಬಿದ್ದು ತೀರಿಕೊಂಡ, ಹೆಣ ಇಡುವಂತಿರಲಿಲ್ಲ, ಪದ್ಧತಿ ಪ್ರಕಾರ ಇಲ್ಲೇ ಮಣ್ಣು ಮಾಡಿದೆವು ಎಂದು. ನನಗೆ ತನ್ನ ಹಳೇ ಟಾಂಗಾ ಮತ್ತು ಒಂದು ಕುದುರೆ ಕೊಟ್ಟ. ಯಾಕೆ ಕೊಟ್ಟ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ನಿನ್ನ ಅವ್ವ ಮುಂದೆ ವರ್ಷವರ್ಷ ಹತ್ತಿ ಕುಳಿತದ್ದು ಅದೇ ಟಾಂಗಾದಲ್ಲಿ.

ಅವಳು ಬರುತ್ತಾಳೆಂದು ಕಾಗದ ಬಂತು. ಹಿಂದಿನ ದಿನ ನಾನೇ ಹೋಗಿ, ಎಂದೋ ಬಂದ್ ಆಗಿದ್ದ ಒಂದು ಖಣಿಯ ಅಂಚಿನಲ್ಲಿ ಫರಸಿ ಹಾಸಿದೆ. ತಲೆಯ ಕಡೆ ಒಂದು ಕಲ್ಲು ನಿಲ್ಲಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಕೈಕೆಲಸ ಗೊತ್ತಿದ್ದವನಲ್ಲವೇ!

ನಿನ್ನ ಅವ್ವ ನೀಲಮ್ಮಕ್ಕ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿನಲ್ಲಿ ಇಳಿದಳು. ಕಂಕುಳಲ್ಲಿ ಒಂದು ಗಂಟು. ಮೊದಲು ಕೇಳಿದ್ದೇ ಉಳಿಯುವ ಮಾತು.

"ಅಣ್ಣಾ, ಅವರ ಜತಿಗಿ ದುಡದವರ ಮನ್ಯಾಗೇ ಉಳೀತೀನಿ. ಅವರ ಮಾತು ನಾಕು ಕೇಳಬೇಕಂತ ಅದ."

ಖಣಿಯವರ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಗಂಡಸರ ಬಾಯಿ ಗುತ್ತೇದಾರ ಮುಚ್ಚಿಸಿದ್ದ. ಹೆಂಗಸರು ಇವಳ ಮುಖ ನೋಡಿದರೆ ತಡೆಯುತ್ತಾರೆಯೇ?

"ಬ್ಯಾಡ್ರಿ ಅಕ್ಕೋರೆ. ಆ ಓಣ್ಯಾಗ ಕಾಲರಾ ಬ್ಯಾನಿ ಬಿದ್ದದ. ಧರ್ಮಶಾಲ್ಯಾಗ ಇರ್ರಿ, ನಾ ಎಲ್ಲಾ ನೋಡ್ಕೋತೀನಿ."

ಓಣಿಯಲ್ಲಿ ಒಂದು ಮಗುವಿಗೂ ನೆಗಡಿ ಇರಲಿಲ್ಲ.

ಮರುದಿನ ಅವಳಿಗೆ ಎಲ್ಲಾ ತೋರಿಸಿದೆ. ಅವನು ದುಡಿದ ಜಾಗವನ್ನೆಲ್ಲ ನೋಡಬೇಕೆಂದು ಹಟ ಹಿಡಿದಿದ್ದಳು. ಬೆಂಕಿ ಆರಿದ ಸುಣ್ಣದ ಭಟ್ಟಿ, ಕಲ್ಲು ಕೊರೆಯುತ್ತಿದ್ದ ತಗಡಿನ ಸಪ್ಪರ, ಗಾಡಿಗೆ ಕಲ್ಲು ಹೇರುವ ಕಟ್ಟೆ. ಒಡೆದು ಬಿದ್ದ ಫರಸಿ ಚೂರುಗಳನ್ನು ಕೈಗೆತ್ತಿಕೊಂಡು, ಇದು ಅವರು ಕಡಿದದ್ದಿರಬಹುದೇ ಎಂದು ಕೇಳಿದಳು. ಇರಬಹುದು ಎಂದೆ. ಒಂದು ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಭಟ್ಟಿಯ ಹಿಂದಿನ ಖಣಿಯ ಕಡೆ ಮಾತ್ರ ನಾನು ಟಾಂಗಾ ಹೊಡೆಯಲಿಲ್ಲ. ಅದರಲ್ಲಿ ಆಗಲೇ ಎರಡಾಳು ನೀರು ನಿಂತಿತ್ತು.

ಸುಳ್ಳು ಸಮಾಧಿಯ ಮುಂದೆ ಅವಳು ಬಹಳ ಹೊತ್ತು ಕುಳಿತಳು. ಅಳಲಿಲ್ಲ. ಎದ್ದು ಸೆರಗು ಕೊಡವಿಕೊಂಡು ಕೇಳಿದಳು:

"ಅಣ್ಣಾ, ಅವರ ಕೈಯಾಗ ಲಿಂಗಾ ಇಟ್ಟಿದ್ದರೋ ಇಲ್ಲೋ?"

ಗೊತ್ತಿಲ್ಲ ಎನ್ನಬಹುದಿತ್ತು. ಬೇರೆಯವರ ಮೇಲೆ ಹಾಕಬಹುದಿತ್ತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ — ಅವಳೇ ಬಾಗಿಲು ತೆರೆದು ನಿಂತಿದ್ದಳು. ನಾನು ಹೇಳಿದೆ:

"ಇಟ್ಟೀವ್ರಿ ಅಕ್ಕೋರೆ. ನಾನೇ ನನ್ನ ಕೈಯಿಂದ ಇಟ್ಟೀನ್ರಿ."

"ಹಂಗಾದ್ರ ಸಾಕು," ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ಈ ಕೈಯನ್ನು. ಶಿವಶರಣ, ಅವಳು ಇದನ್ನು ಕಣ್ಣಿಗೊತ್ತಿಕೊಂಡಳು.

ಆಮೇಲೆ ಹದಿನಾಲ್ಕು ವರ್ಷ. ವರ್ಷಕ್ಕೊಮ್ಮೆ ಬರುವಳು, ನನಗೆಂದು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು. ನಾನು ತಿನ್ನುತ್ತಿದ್ದೆ. ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ, ಇಳಿಯುತ್ತಿತ್ತು. ಮನುಷ್ಯನಿಗೆ ಎಲ್ಲವೂ ರೂಢಿಯಾಗುತ್ತದೆ. ಭಟ್ಟಿಯ ಹಿಂದಿನ ಆ ಹೊಂಡದ ನೀರನ್ನು ನನ್ನ ಕುದುರೆಗೆ ಕುಡಿಸಿದ್ದೇನೆ, ಬೇಸಿಗೆಯಲ್ಲಿ ಬೇರೆಲ್ಲೂ ನೀರಿಲ್ಲದಾಗ.

ನಿನ್ನ ಮದುವೆಯಾದ ಮೇಲೆ ಅವಳು ಶಹಾಬಾದಿಗೇ ಬಂದು ಇರುತ್ತೇನೆಂದಳು. ನೀನು ಬೇಡವೆಂದು ಜಗಳಾಡಿದೆ ಎಂದು ಅವಳೇ ಹೇಳಿದಳು. "ಮನಿ ಸೊಸಿ ನೋಡ್ಕೋತಾಳ. ನಾ ಇನ್ನ ಅವರ ಬಾಜೂಕ ಇರ್ತೀನಿ. ಒಂದು ಖೋಲಿ ನೋಡು ಅಣ್ಣಾ." ಅವರು ಅಲ್ಲಿಲ್ಲ ಎಂಬ ಒಂದು ಮಾತು — ಒಂದೇ ಮಾತು — ಹೇಳಿದ್ದರೆ ಅವಳು ಮೊಮ್ಮಕ್ಕಳನ್ನು ಆಡಿಸಿಕೊಂಡು ನಿಮ್ಮ ಮನೆಯಲ್ಲೇ ಇರುತ್ತಿದ್ದಳು. ನಾನು ಖೋಲಿ ಹುಡುಕಿದೆ. ಸ್ಟೇಶನ್ ಹಿಂದೆ, ಖಣಿಯವರ ಓಣಿಯಿಂದ ಎಷ್ಟು ದೂರವಾಗುತ್ತದೋ ಅಷ್ಟು ದೂರ. ಓಣಿಯ ಹೆಂಗಸರು ಬಾಯಿ ಬಡುಕರು, ಮಾತಿಗೆ ಸಿಗಬೇಡಿ ಎಂದೂ ಹೇಳಿಟ್ಟೆ. ಅವರು ಇವಳನ್ನು ಸೊಕ್ಕಿನವಳೆಂದುಕೊಂಡರು. ಎರಡು ವರ್ಷ ಅವಳು ಆ ಊರಿನಲ್ಲಿ ನನ್ನೊಬ್ಬನ ಜೊತೆ ಮಾತ್ರ ಮಾತಾಡಿಕೊಂಡಿದ್ದಳು. ನನ್ನಂಥವನ ಜೊತೆ.

ಮುಂದಿನದು ನಿನಗೆ ಗೊತ್ತು. ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಅವಳು ಹೇಳಿ ಸತ್ತಿದ್ದಳು. ನೀನು ಬಂದೆ, ಅಯ್ಯನವರು ಬಂದರು, ಸ್ಟೇಶನ್ನಿನ ಇಬ್ಬರು ಹಮಾಲರನ್ನು ನಾನು ಕರೆತಂದೆ. ಕುಣಿ ತೋಡಲು ನೀನೇ ಗುದ್ದಲಿ ಹಿಡಿದೆ. ಮೊಳಕಾಲುದ್ದ ಮಣ್ಣು ಹೋಯಿತು. ಆಮೇಲೆ ಗುದ್ದಲಿ ಠಣ್ ಎಂದಿತು.

ಅಡಿಯಲ್ಲಿ ಹಾಸುಬಂಡೆ. ಒಂದೂ ಬಿರುಕಿಲ್ಲದೆ, ನಿನ್ನ ಅಪ್ಪನ ಫರಸಿಯ ಕೆಳಗೂ ಅದೇ ಕಲ್ಲು ಹಾಯ್ದು ಹೋಗಿತ್ತು. ಖಣಿಯಲ್ಲಿ ಜೀವ ತೇದವನು ನಾನು, ನೆಲದ ಕೆಳಗೇನಿದೆ ಎಂದು ಕಾಲಿನಿಂದ ತಿಳಿಯಬಲ್ಲವನು — ಅವತ್ತು ಮೇಲೆ ಕಾಣುವುದನ್ನಷ್ಟೇ ಯೋಚಿಸಿದ್ದೆ. ಕುಣಿ ತೋಡಲಾಗದ ಜಾಗದಲ್ಲಿ ಸಮಾಧಿ ಕಟ್ಟಿದ್ದೆ.

ನೀನು ಬೆವರು ಒರೆಸಿಕೊಂಡು ನನ್ನನ್ನು ನೋಡಿದೆ. "ಕಾಕಾ, ಇಲ್ಲಿ ಬರೇ ಕಲ್ಲದ. ಅಪ್ಪಗ ಹೆಂಗ ಕುಣಿ ತೋಡಿದ್ರಿ?"

ಅವ್ವನ ಹೆಣ ಪಕ್ಕದಲ್ಲಿತ್ತು. ಆಗಲೂ ನಾನು — "ಮದ್ದು ಹಾಕಿ ಒಡದಿದ್ವಿ, ತಮ್ಮಾ."

ನೀನು ಗುದ್ದಲಿ ಪಕ್ಕಕ್ಕಿಟ್ಟೆ. ನಂಬಿದೆಯೋ, ಅವ್ವನ ಮುಂದೆ ಮಾತು ಬೆಳೆಸಬಾರದೆಂದು ಸುಮ್ಮನಾದೆಯೋ, ನನಗೆ ತಿಳಿಯದು. ಮಧ್ಯಾಹ್ನದವರೆಗೆ ನಾವು ಚಾಣ ಹಾಕಿ ಆ ಕಲ್ಲು ಒಡೆದೆವು. ನೀನು ಚಾಣ ಹಿಡಿದೆ, ನಾನು ಸುತ್ತಿಗೆ ಹೊಡೆದೆ. ಅವಳನ್ನು ಕೂರಿಸಿ, ಅವಳ ಅಂಗೈಯಲ್ಲಿ ಲಿಂಗ ಇಟ್ಟವನು ನೀನು. ನಾನು ಮುಟ್ಟಲಿಲ್ಲ. ಅಷ್ಟಾದರೂ ನಾಚಿಕೆ ಉಳಿದಿತ್ತು.

ನಿಮ್ಮ ಹೊಲದ ಬದುವಿನಲ್ಲಿ ನಿನ್ನ ಅಜ್ಜ, ಅಜ್ಜಿ, ಹಿರಿಯರೆಲ್ಲ ಇದ್ದಾರೆ. ಅವಳೂ ಅಲ್ಲಿರಬೇಕಿತ್ತು. ನಿನ್ನ ಅಪ್ಪ ಸುಣ್ಣದ ಭಟ್ಟಿಯ ಹಿಂದೆ, ಈಗ ಎಮ್ಮೆ ಮೈ ತೊಳೆಯುವ ಹೊಂಡದ ತಳದಲ್ಲಿದ್ದಾನೆ. ಬಡಗಣ ದಂಡೆಯ ಕೆಳಗೆ. ಬಾ, ತೋರಿಸುತ್ತೇನೆ. ಬಯ್ಯಿ, ಹೊಡಿ, ಕಚೇರಿಗೆ ಎಳೆದುಕೊಂಡು ಹೋಗು, ನಾನು ಎದುರಾಡುವುದಿಲ್ಲ. ಗುತ್ತೇದಾರ ಸತ್ತಿದ್ದಾನೆ, ಅವನ ಹೆಸರು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಅವ್ವ ಎಲ್ಲಿರಬೇಕು ಎಂಬುದನ್ನು ಇಷ್ಟು ವರ್ಷ ನಾನೇ ಆರಿಸಿದೆ, ನನ್ನ ಅನುಕೂಲ ನೋಡಿಕೊಂಡು. ಇನ್ನು ನೀನು ಆರಿಸಬೇಕು.

ಆದರೆ ತಡಮಾಡಬೇಡ, ಶಿವಶರಣ. ಗಂಡನ ಪಕ್ಕದಲ್ಲಿದ್ದೇನೆ ಎಂದುಕೊಂಡು ಹೋದವಳು ಅಲ್ಲಿ ಒಬ್ಬಳೇ ಕುಳಿತಿದ್ದಾಳೆ.